ಶ್ರೀಲಂಕಾದ ಕಾಳುಮೆಣಸು ಮತ್ತು ಕನಿಷ್ಠ ಆಮದು ಬೆಲೆ

ಪ್ರಶ್ನೆ: 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಕಾಳುಮೆಣಸನ್ನು ಸುಂಕವಿಲ್ಲದೆ ತರಿಸಿಕೊಳ್ಳಲು ಅವಕಾಶವಿದೆ. ಹೀಗಿರುವಾಗ ಭಾರತವು 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ ಎಂಬ ಮಿತಿಯನ್ನು) ಏಕೆ ನಿಗದಿಪಡಿಸಿತು?

ಉತ್ತರ 1: ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದಲ್ಲೇ ಬೆಳೆದದ್ದು ಎಂಬ ಪ್ರಮಾಣಪತ್ರದೊಂದಿಗೆ ರಿಯಾಯಿತಿ ಸುಂಕದಲ್ಲಿ ಒಳಬರುತ್ತಿದೆ ಎಂದು ಬೆಳೆಗಾರರು ದೂರುತ್ತಿದ್ದರು. ಬೆಲೆ ಕುಸಿದಿದ್ದ ಆ ದಿನಗಳಲ್ಲಿ ಈ ಕ್ರಮ ಅವರಿಗೆ ತುರ್ತಾಗಿ ಬೇಕಿತ್ತು.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಶ್ರೀಲಂಕಾದ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಅಂಶ ಹೆಚ್ಚಿರುವುದರಿಂದ, ಅದರ ಸಾರವನ್ನು ತೆಗೆದು ರಫ್ತು ಮಾಡುವ ಭಾರತೀಯ ಉದ್ಯಮಗಳಿಗೆ ಅದು ನಿಜವಾಗಿಯೂ ಅಗತ್ಯ. ರಫ್ತಿಗಾಗಿಯೇ ಆಮದು ಮಾಡಿಕೊಳ್ಳುವವರಿಗೆ ನಂತರ ವಿನಾಯಿತಿ ನೀಡಿದ್ದು ನ್ಯಾಯವೇ ಆಗಿದೆ.

ಉತ್ತರ 3: ಮಾರುಕಟ್ಟೆ ದರವೇ 500 ರೂಪಾಯಿ ದಾಟಿದಾಗ ಈ ನಿಯಮ ಯಾರನ್ನೂ ತಡೆಯುವುದಿಲ್ಲ. ಆದ್ದರಿಂದ ಸರಕು ಎಲ್ಲಿ ಬೆಳೆದದ್ದು ಎಂಬ ಮಾಹಿತಿಯನ್ನು ಆಮದುದಾರರೇ ಇಟ್ಟುಕೊಂಡಿರಬೇಕೆಂದು ವಿಧಿಸುವ 2020ರ ಸೀಮಾಸುಂಕ ನಿಯಮಗಳ ಕಟ್ಟುನಿಟ್ಟಾದ ಪಾಲನೆಯೇ, ನನ್ನ ದೃಷ್ಟಿಯಲ್ಲಿ, ಎರಡೂ ದೇಶಗಳ ಬೆಳೆಗಾರರಿಗೆ ಹೆಚ್ಚು ಭದ್ರವಾದ ರಕ್ಷಣೆ.