ಹತ್ತಡಿ ರೂಮಿನಲ್ಲಿ ಡಗ್ಗಾ ಮಾಯ, ಕಾರಿನಲ್ಲಿ ಗುಡುಗು. ಫೋಮ್ ಹಾಕಿದರೂ ಇದೇ ಕಥೆ

ಡೊಂಬಿವಲಿ_ಡಗ್ಗಾ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಮುಂಬೈ ಹತ್ತಿರದ ಡೊಂಬಿವಲಿ ಈಸ್ಟ್‌ನಲ್ಲಿ ಬಾಡಿಗೆ ಫ್ಲಾಟ್, ಹೋದ ತಿಂಗಳಷ್ಟೇ ಬಂದದ್ದು. ಚಿಕ್ಕ ಬೆಡ್‌ರೂಮನ್ನು ಮಿಕ್ಸಿಂಗ್‌ಗೆ (ರೆಕಾರ್ಡ್ ಆದ ದನಿಗಳನ್ನು ಹದವಾಗಿ ಬೆರೆಸುವುದಕ್ಕೆ) ಇಟ್ಟುಕೊಂಡಿದ್ದೇನೆ. ನಮ್ಮ ಭಜನಾ ಮಂಡಳಿಯ ಎಂಟು ದೇವರನಾಮ ಮುಗಿಸಿ ಕೊಡಬೇಕು. ಕುರ್ಚಿಯಲ್ಲಿ ಕೂತರೆ ತಬಲದ ಡಗ್ಗಾ, ಅಂದರೆ ಎಡಗೈಯ ದಪ್ಪ ಸದ್ದು (ಬಾಸ್), ಇಲ್ಲವೇ ಇಲ್ಲ. ಇಲ್ಲ ಅಂತ ಆ ದಪ್ಪ ಸದ್ದು ಇರುವ 100 ಹರ್ಟ್ಸ್ ಹತ್ತಿರ 6 ಡಿಬಿ (ಡೆಸಿಬೆಲ್) ಎತ್ತುತ್ತೇನೆ. ಅದೇ ಫೈಲ್ ಕಾರಿನಲ್ಲಿ ಹಾಕಿದರೆ ಬಾಗಿಲ ಗಾಜು ನಡುಗುತ್ತದೆ. ಮಂಡಳಿಯ ಹಿರಿಯರೊಬ್ಬರು ಕೇಳಿ "ದೇವರಿಗೂ ಡಿಜೆ ಬಂತಾ?" ಅಂದರು.

ಗೋಡೆಗೆ ಸದ್ದು ಹೀರುವ 2 ಇಂಚಿನ ಫೋಮ್ 48 ತುಂಡು ಅಂಟಿಸಿದೆ. ಚೂರೂ ವ್ಯತ್ಯಾಸ ಇಲ್ಲ. ಇನ್ನೂ 48 ತರಿಸಬೇಕಾ? ಬೇಗ ಹೇಳಿ, ಗಣಪತಿ ಹಬ್ಬದೊಳಗೆ ಕೊಡಬೇಕು.

ಮುಲುಂಡ್77
ತರಿಸಬೇಡಿ ಮಾರಾಯ್ರೆ. 2 ಇಂಚಿನ ಫೋಮ್ ಚಪ್ಪಾಳೆ ಹೊಡೆದಾಗ ಬರುವ ಮರುದನಿಯನ್ನು ತಿನ್ನುತ್ತದೆ, ಅಷ್ಟೇ. ಡಗ್ಗಾಕ್ಕೆ ಅದು ಸೊಳ್ಳೆಪರದೆ ಇದ್ದ ಹಾಗೆ, ಸದ್ದು ಆರಾಮಾಗಿ ದಾಟಿ ಹೋಗುತ್ತದೆ. ರೂಮಿನ ಅಳತೆ ಎಷ್ಟು? ಕುರ್ಚಿ ಎಲ್ಲಿದೆ? ಸ್ಪೀಕರ್ ಯಾವುದು? ಇದ್ಯಾವುದನ್ನೂ ಬರೆದೇ ಇಲ್ಲವಲ್ಲ.

ಡೊಂಬಿವಲಿ_ಡಗ್ಗಾ
ಮಾಮೂಲಿ ಬೆಡ್‌ರೂಮ್ ಸರ್. 10 ಅಡಿ, 10 ಅಡಿ, ಎತ್ತರ 9. ಸ್ಪೀಕರ್ ಯಮಾಹಾ ಎಚ್‌ಎಸ್5, ಗೋಡೆಯಿಂದ ಅದರ ಮುಖಕ್ಕೆ ಎರಡೂವರೆ ಅಡಿ. ಕುರ್ಚಿ ಮಧ್ಯದಲ್ಲಿ, ಫ್ಯಾನ್ ಕೆಳಗೆ. ಬೇರೆ ಎಲ್ಲಿ ಕೂರೋದು ಈ ಸೆಕೆಗೆ?

ಮುಲುಂಡ್77
ಸಿಕ್ಕಿತು! ರೂಮ್ ಚೌಕ, ಕುರ್ಚಿ ನಟ್ಟನಡುವೆ. ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುವುದಿಲ್ಲ. ರೂಮ್ ತಾನೇ ಯಾವ ಸದ್ದಿಗೆ ಮೊಳಗುತ್ತದೆ ಅನ್ನುವ ಲೆಕ್ಕ ಸುಲಭ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. 10 ಅಡಿ ಅಂದರೆ 3.05 ಮೀಟರ್, ಉತ್ತರ 56 ಹರ್ಟ್ಸ್. ಉದ್ದಕ್ಕೂ ಅದೇ, ಅಗಲಕ್ಕೂ ಅದೇ, ಎರಡೂ ಸೇರಿ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಆ ಅಲೆಯ ಒತ್ತಡ ಗೋಡೆ ಹತ್ತಿರ ಜಾಸ್ತಿ, ರೂಮಿನ ನಡುವೆ ಸೊನ್ನೆ. ನೀವು ಸೊನ್ನೆಯಲ್ಲಿ ಕೂತಿದ್ದೀರಿ. ಮುಂದಿನ ಗೋಡೆಯಿಂದ 38 ಶೇಕಡಾ ದೂರಕ್ಕೆ, ಅಂದರೆ ಸುಮಾರು 3.8 ಅಡಿಗೆ ಕುರ್ಚಿ ತನ್ನಿ. ನಾಲ್ಕೂ ಮೂಲೆಗೆ ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ), ಕನಿಷ್ಠ 4 ಇಂಚು ದಪ್ಪ, ನೆಲದಿಂದ ಚಾವಣಿವರೆಗೆ.

ಸುಮ್ನೆ_ಓದುವವ
ಒಂದೇ ಸ್ಪೀಕರ್ ಹಾಕಿ ಕೇಳಿದ್ದೀರಾ? ಆಗ ಡಗ್ಗಾ ಬರುತ್ತಾ?

ಕೋಥ್ರೂಡ್_ಕಿವಿ
ರೀ ಮುಲುಂಡ್, 56ರ ಮಾತು ಯಾಕೆ? ಎಚ್‌ಎಸ್5 ಅಂದರೆ 5 ಇಂಚಿನ ಕೋನ್. 54 ಹರ್ಟ್ಸ್‌ಗೆ ಬರುವಷ್ಟರಲ್ಲಿ ಅದು 10 ಡಿಬಿ ಬಿದ್ದಿರುತ್ತದೆ ಅಂತ ಕಂಪನಿಯೇ ಬರೆದಿದೆ. ಇವರು ಹೇಳುತ್ತಿರುವುದು 100ರ ಆಸುಪಾಸು. ಅದು ಮುಂದಿನ ಗೋಡೆಯಿಂದ ವಾಪಸ್ ಬಂದ ಸದ್ದು, ಸ್ಪೀಕರಿನ ಸದ್ದನ್ನೇ ಹೊಡೆದು ಹಾಕುತ್ತದೆ. ಎರಡೂವರೆ ಅಡಿಗೆ ಲೆಕ್ಕ ಹಾಕಿ, 112 ಹರ್ಟ್ಸ್‌ನಲ್ಲಿ ಗುಂಡಿ, ಅಂದರೆ ಅಲ್ಲಿ ಸದ್ದು ತಗ್ಗುತ್ತದೆ. ಸ್ಪೀಕರನ್ನು ಗೋಡೆಗೆ ತಳ್ಳಿ, ಹಿಂದೆ ಪೋರ್ಟ್ (ಗಾಳಿಯ ತೂತು) ಇದೆ, ಒಂದು ಗೇಣು ಜಾಗ ಬಿಡಿ. ಗುಂಡಿ 190ರ ಹತ್ತಿರ ಹೋಗುತ್ತದೆ. ಬಾಸ್ ಜಾಸ್ತಿಯಾದರೆ ಹಿಂದಿನ ರೂಮ್ ಕಂಟ್ರೋಲ್ ಸ್ವಿಚ್ ಮೈನಸ್ 2ಕ್ಕೆ ಹಾಕಿ.

ಮುಲುಂಡ್77
ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಚೌಕ ರೂಮ್ ಅಂದರೆ ರೂಮ್‌ದೇ ತಪ್ಪು. ಸ್ಪೀಕರ್ ಎಲ್ಲಿ ತಳ್ಳಿದರೂ ಅಷ್ಟೇ.

ಕೋಥ್ರೂಡ್_ಕಿವಿ
ನಾನೇನು ನಿನ್ನೆ ಹುಟ್ಟಿದೆನಾ?

ವಸಾಯಿ_ವೀಣೆ
ನಮ್ಮ ಪಕ್ಕದ ಮನೆಯ ಹುಡುಗ ಗೋಡೆ ತುಂಬಾ ಮೊಟ್ಟೆ ಟ್ರೇ ಹೊಡೆದಿದ್ದಾನೆ. ಸದ್ದು ಹೊರಗೇ ಬರಲ್ಲ ಅನ್ನುತ್ತಾನೆ. ಖರ್ಚೂ ಕಡಿಮೆ.

ಮುಲುಂಡ್77
ಅಯ್ಯೋ, ಈ ಮೊಟ್ಟೆ ಟ್ರೇ ಯಾವಾಗ ಸಾಯುತ್ತೋ. ಸದ್ದು ಹೊರಗೆ ಹೋಗದಂತೆ ತಡೆಯಲು ಭಾರ ಬೇಕು, ಸಂದಿ ಮುಚ್ಚಬೇಕು. ಒಳಗಿನ ಸದ್ದನ್ನು ಸರಿ ಮಾಡುವುದು ಬೇರೆ ಕೆಲಸ. ರಟ್ಟಿನ ಟ್ರೇಯಿಂದ ಎರಡೂ ಆಗುವುದಿಲ್ಲ. ಬೆಂಕಿ ಬಿದ್ದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಡೊಂಬಿವಲಿ_ಡಗ್ಗಾ
ಮೊಟ್ಟೆ ಟ್ರೇ ನಮ್ಮ ಅಮ್ಮ ಒಳಗೆ ಬಿಡಲ್ಲ, ಆ ಮಾತು ಬಿಡಿ. ಕುರ್ಚಿಯನ್ನು 3.8 ಅಡಿಗೆ ತಂದರೆ ಸ್ಪೀಕರ್ ಮೂಗಿಗೆ ತಾಗುತ್ತಿತ್ತು, ಅದಕ್ಕೆ ಕೋಥ್ರೂಡ್ ಸರ್ ಹೇಳಿದಂತೆ ಗೋಡೆಗೂ ತಳ್ಳಿದೆ. ಫ್ಯಾನ್ ಗಾಳಿಯೂ ಇಲ್ಲ, ಡಗ್ಗಾವೂ ಇಲ್ಲ. ಹಾಡುವವರ ದನಿ ಎರಡು ಕಿವಿಯ ಆಚೆ ಎಲ್ಲೋ ತೇಲಿದ ಹಾಗಿದೆ. ಹೆಡ್‌ಫೋನಿನಲ್ಲಿ ಎಲ್ಲ ಸರಿ ಇದೆ.

ಗೆಳೆಯನ ಯೂಮಿಕ್-1 ಅಳತೆ ಮೈಕ್ ತಂದು ರೂಮ್ ಈಕ್ಯೂ ವಿಝಾರ್ಡ್ ಸಾಫ್ಟ್‌ವೇರಿನಲ್ಲಿ ಅಳೆದೆ. ಎಡ ಒಂದು ಸಲ, ಬಲ ಒಂದು ಸಲ. ಎರಡೂ ಗ್ರಾಫ್ ಹೆಚ್ಚುಕಡಿಮೆ ಒಂದೇ ಥರ ಇವೆ. 100ರಲ್ಲಿ ದೊಡ್ಡ ಗುಂಡಿ ಏನೂ ಕಾಣಲಿಲ್ಲ!

ಮುಲುಂಡ್77
ಮೈಕ್ ಕಿವಿಯ ಎತ್ತರದಲ್ಲಿ ಇಟ್ಟಿರಲಿಕ್ಕಿಲ್ಲ. ಇನ್ನೊಮ್ಮೆ ಅಳೆಯಿರಿ. ರಾಕ್‌ವೂಲ್ ಆರ್ಡರ್ ಮಾಡಿದಿರಾ?

ಮಡಗಾಂವ್_ಮ್ಯಾಂಡೊಲಿನ್
ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿ, ಇಲ್ಲದಿದ್ದರೆ ಎರಡು ದಿನ ತುರಿಕೆ. ನಮ್ಮಲ್ಲಿ ಮಳೆಗಾಲಕ್ಕೆ ಪ್ಯಾನೆಲ್ ಬಟ್ಟೆಯೆಲ್ಲ ಬೂಷ್ಟು. ರಾಕ್‌ವೂಲ್‌ಗೆ ಏನೂ ಆಗಲ್ಲ, ಹಿಂದಿನ ಪ್ಲೈವುಡ್ ಮತ್ತು ಬಟ್ಟೆ ಹಾಳು. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದೆ, ಗಾಳಿಯೂ ಆಡುತ್ತದೆ, ಬಾಸ್ ಹೀರುವುದೂ ಸುಧಾರಿಸಿತು.

ಅಂದ ಹಾಗೆ ನನ್ನ ರೂಮ್ ಹಳೇ ಪೋರ್ಚುಗೀಸ್ ಕಾಲದ ಮನೆಯಲ್ಲಿದೆ. 14 ಅಡಿ ಎತ್ತರ, ಕೆಂಪು ಕಲ್ಲಿನ ಗೋಡೆ, ಮೇಲೆ ಹೆಂಚು. ಬಾಸ್ ಹೆಂಚಿನ ಸಂದಿಯಿಂದ ತಾನೇ ಹೊರಟು ಹೋಗುತ್ತದೆ. 8 ಇಂಚಿನ ಸ್ಪೀಕರ್, ತೇಗದ ಮೇಜು. ಫೋಟೋ ಹಾಕಲಾ?

ಕೋಥ್ರೂಡ್_ಕಿವಿ
ಹಾಕಿ, ಹಾಕಿ. ಸದ್ದು ಹೀರುವ ವಸ್ತುವಿನ ಲೆಕ್ಕಕ್ಕೆ ಧ್ವನಿ ವಿಜ್ಞಾನಿ ಸಬೀನ್ ಅಳತೆಗೋಲು ಮಾಡಿಕೊಂಡದ್ದೇ ತೆರೆದ ಕಿಟಕಿಯನ್ನು. ಹೋದ ಸದ್ದು ವಾಪಸ್ ಬರಲ್ಲ. ನಿಮ್ಮದು ಪೂರ್ತಿ ಚಾವಣಿಯೇ ಕಿಟಕಿ. ಡೊಂಬಿವಲಿಯಲ್ಲಿ ಕಿಟಕಿ ತೆರೆದರೆ ಡಗ್ಗಾ ಜೊತೆ ಲೋಕಲ್ ಟ್ರೇನೂ ರೆಕಾರ್ಡ್ ಆಗುತ್ತದೆ.

ಸುಮ್ನೆ_ಓದುವವ
ಮತ್ತೆ ಕೇಳುತ್ತಿದ್ದೇನೆ. ಎಡ, ಬಲ ಬೇರೆ ಬೇರೆ ಅಳೆದಿರಿ. ಎರಡೂ ಒಟ್ಟಿಗೆ ಅಳೆದಿರಾ? ಹೊಸ ಮನೆಗೆ ಬಂದ ಮೇಲೆ ಕೇಬಲ್ ಬದಲಾಯಿಸಿದ್ದೀರಾ?

ಡೊಂಬಿವಲಿ_ಡಗ್ಗಾ
ಹೌದು ಸರ್, ಅದರಲ್ಲೇನಿದೆ? ಹಳೇ ಕೇಬಲ್ ಗಿಡ್ಡ ಆಯಿತು. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕನೆಕ್ಟರ್ ತಂದು ನಾನೇ ಬೆಸುಗೆ ಹಾಕಿದೆ. ಸದ್ದು ಬರುತ್ತಿದೆಯಲ್ಲ, ಅದಕ್ಕೇ ಬರೆಯಲಿಲ್ಲ.

ಸುಮ್ನೆ_ಓದುವವ
ಇದನ್ನು ಮೊದಲೇ ಹೇಳಬಾರದಿತ್ತಾ? ಮೊನೊ ಹಾಡು (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು) ಹಾಕಿ. ಒಂದು ಸ್ಪೀಕರ್ ಆಫ್ ಮಾಡಿದಾಗ ಡಗ್ಗಾ ಜಾಸ್ತಿಯಾದರೆ ಒಂದು ಕೇಬಲ್ ಉಲ್ಟಾ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ, ನಡುವೆ ಕೂತವನಿಗೆ ಬಾಸ್ ಕಳೆದು ಸೊನ್ನೆ. ಒಂದೊಂದಾಗಿ ಅಳೆದರೆ ಇದು ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಜಾಕ್‌ನ ತುದಿ (ಟಿಪ್) ಎಕ್ಸ್‌ಎಲ್‌ಆರ್ ಕನೆಕ್ಟರಿನ 2ನೇ ಪಿನ್ನಿಗೆ, ನಡುವಿನ ರಿಂಗ್ 3ಕ್ಕೆ, ಬುಡದ ಸ್ಲೀವ್ 1ಕ್ಕೆ. ಮಲ್ಟಿಮೀಟರ್ ಹಿಡಿದು ನೋಡಿ.

ಮುಲುಂಡ್77
ಫೇಸ್ ಉಲ್ಟಾ ಅಂತ ನಾನೂ ಹೇಳುವವನಿದ್ದೆ.

ಕೋಥ್ರೂಡ್_ಕಿವಿ
ಅದು ಫೇಸ್ ಅಲ್ಲ ರೀ, ಪೋಲಾರಿಟಿ, ಪ್ಲಸ್ ಮೈನಸ್ ಅದಲುಬದಲು. ಫೇಸ್ ಅಂದರೆ ಅಲೆ ಸಮಯದಲ್ಲಿ ಹಿಂದುಮುಂದಾಗುವುದು.

ಮುಲುಂಡ್77
ಎಷ್ಟೋ ಮಿಕ್ಸರ್ ಮೇಲೆ ಅದನ್ನು ಫೇಸ್ ಬಟನ್ ಅಂತಲೇ ಕರೆಯುವುದು. ನಿಮ್ಮ ಕೋಥ್ರೂಡಿನಲ್ಲಿ ಬೇರೆ ಹೆಸರಿದ್ದರೆ ಇರಲಿ.

ಡೊಂಬಿವಲಿ_ಡಗ್ಗಾ
ನಾಚಿಕೆಯಾಗುತ್ತಿದೆ. ಬಲಗಡೆಯ ಕೇಬಲ್‌ನಲ್ಲಿ 2 ಮತ್ತು 3 ಅದಲುಬದಲು. ಎಡಗಡೆಯದನ್ನು ಹಗಲಲ್ಲಿ ಮಾಡಿ ಮೀಟರ್ ಹಿಡಿದಿದ್ದೆ. ಬಲಗಡೆಯದು ರಾತ್ರಿ 11ಕ್ಕೆ, ಲೋಕಲ್‌ನಲ್ಲಿ ನೇತಾಡಿ ಮನೆಗೆ ಬಂದ ಮೇಲೆ. ಮತ್ತೆ ಬೆಸೆದು ಹಾಡು ಹಾಕಿದರೆ ಡಗ್ಗಾ ಎದೆಗೇ ಬಂತು! ಗಾಯಕರೂ ನಡುಮಧ್ಯಕ್ಕೆ ಬಂದು ನಿಂತರು. ಎತ್ತಿದ್ದ 6 ಡಿಬಿ ಎಲ್ಲ ಇಳಿಸುತ್ತಿದ್ದೇನೆ. ಕುರ್ಚಿ ವಾಪಸ್ ಫ್ಯಾನ್ ಕೆಳಗೆ.

ಮುಲುಂಡ್77
ಫ್ಯಾನ್ ಕೆಳಗೆ ಬೇಡ! 56ರ ಸೊನ್ನೆ ಅಲ್ಲೇ ಇದೆ, ಕೇಬಲ್‌ಗೂ ಅದಕ್ಕೂ ಸಂಬಂಧ ಇಲ್ಲ. ರಾಕ್‌ವೂಲ್ ಬೇಕೇ ಬೇಕು.

ಡೊಂಬಿವಲಿ_ಡಗ್ಗಾ
ಹಬ್ಬ ಮುಗಿಯಲಿ ಸರ್, ಮೂಲೆ ಎರಡಕ್ಕಾದರೂ ಮಾಡಿಸುತ್ತೇನೆ. ಈಗ ಒಂದು ಫೋಮ್ ಕಿತ್ತು ನೋಡಿದೆ, ಅಂಗೈ ಅಗಲ ಬಣ್ಣ ಕಿತ್ತುಕೊಂಡು ಬಂತು. ಇನ್ನೂ 47 ಇವೆ. ಡೆಪಾಸಿಟ್ ಹೋಯಿತು ಅಂತ ಲೆಕ್ಕವಾ?

ವಸಾಯಿ_ವೀಣೆ
ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನ ಎಳೆಯಿರಿ. ಅಂಟು ಮೆತ್ತಗಾಗುತ್ತದೆ.

ನೆರೂಲ್_ಹೊಸಬ
ಎಲ್ಲರಿಗೂ ನಮಸ್ಕಾರ, ನನಗೂ ಇದೇ ಸಮಸ್ಯೆ. ಬಾಸ್ ಬರುತ್ತಿಲ್ಲ. ಏನು ಮಾಡಲಿ?

ಮುಲುಂಡ್77
ರೂಮ್ ಚೌಕವಾ? ಕುರ್ಚಿ ಎಲ್ಲಿದೆ?