ಅತ್ತೆ, ಮಾವಂದು ಬರೀ ಹಠ ಅಲ್ಲ

ಅತ್ತೆ, ನಮ್ಮನೆ ಗ್ರೂಪಲ್ಲಿ ನಿಮ್ಮ ಮೆಸೇಜ್ ಈಗ ನೋಡ್ದೆ. ಡಯಾಲಿಸಿಸ್ ಬೆಡ್ ಮೇಲಿದೀನಿ, ಎಡಗೈಗೆ ಸೂಜಿ ಹಾಕಿದಾರೆ, ಟೈಪ್ ಮಾಡೋಕೆ ಕಷ್ಟ, ಅದಕ್ಕೇ ವಾಯ್ಸ್ ಮೆಸೇಜಲ್ಲಿ ಮಾತಾಡ್ತಿದೀನಿ. ಮಧ್ಯೆ ಮಷಿನ್ ಕಿರುಚ್ಕೊಂಡ್ರೆ ಗಾಬರಿ ಆಗ್ಬೇಡಿ.

ಸ್ಟ್ರೋಕ್ ಆಗಿ ಮೂರು ತಿಂಗಳಾಯ್ತು, ಫಿಸಿಯೋ ಹುಡುಗ ಬಂದ್ರೆ ಮಾವ ಗೋಡೆ ಕಡೆ ತಿರುಗಿ ಮಲಗ್ತಾರೆ, ಊಟ ಅರ್ಧಕ್ಕೆ ಬಿಡ್ತಾರೆ, ಇದ್ದಕ್ಕಿದ್ದಂಗೆ ಅಳ್ತಾರೆ, ಮೊದಲಿಂದ್ಲೂ ಹಠಮಾರಿ ಅಂದಿದೀರಿ. ಹಠಮಾರಿ ಹೌದು, ನಮ್ಮನೇಲಿ ಯಾರಿಗೆ ಗೊತ್ತಿಲ್ಲ! ಆದ್ರೆ ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ ಅತ್ತೆ. ಆ ಅಳು ಬೇರೇನೂ ಇರ್ಬಹುದು. ಅಳು ನಗು ತಡ್ಕೊಳ್ಳೋ ನರಗಳಿಗೇ ಪೆಟ್ಟಾಗಿದ್ರೆ ದುಃಖ ಇಲ್ದೇನೂ ಅಳು ನುಗ್ಗುತ್ತೆ. ಎರಡಕ್ಕೂ ಔಷಧಿ ಇದೆ, ಯಾವುದು ಅಂತ ಡಾಕ್ಟ್ರು ನೋಡಿ ಹೇಳ್ಬೇಕು. ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ ಅಂತ ಮರೀದೆ ಹೇಳಿ, ಮನಸ್ಸಿನ ಕೆಲವು ಮಾತ್ರೆ ಅದ್ರ ಜೊತೆ ಸೇರಿದ್ರೆ ರಕ್ತಸ್ರಾವ ಜಾಸ್ತಿ ಆಗ್ಬಹುದು.

ನಂದೇ ಹೇಳ್ತೀನಿ. ಡಯಾಲಿಸಿಸ್ ಶುರುವಾದ ಹೊಸದ್ರಲ್ಲಿ, ನೀರಿಗೆ ಲೆಕ್ಕ ಇದೆ ಅಂತ ಗೊತ್ತಿದ್ದೂ ಒಂದು ಮಧ್ಯಾಹ್ನ ನಿಂತ್ಕೊಂಡೇ ಮೂರು ಲೋಟ ಮಜ್ಜಿಗೆ ಕುಡಿದೆ. ರಾತ್ರಿ ಮಲಗಿದ್ರೆ ಉಸಿರು ಕಟ್ಟೋದು. ತೂಕ ನೋಡಿ ಟೆಕ್ನಿಷಿಯನ್ ಬೈದ್ರು, ಮನೇಲಿ ಎಲ್ರೂ ಧೈರ್ಯವಾಗಿರು ಅಂದ್ರು. ಆ ಮಾತು ಕೇಳಿದ್ರೇ ಮೈ ಉರೀತಿತ್ತು. ಆಮೇಲೆ ವಾರ್ಡಿಗೆ ಬಂದ ಒಬ್ರು ಸೈಕಾಲಜಿಸ್ಟ್ ಸ್ಟೂಲ್ ಎಳ್ಕೊಂಡು ಕೂತು, 'ಈ ವಾರ ಯಾವುದಕ್ಕೆ ಜಾಸ್ತಿ ಸಿಟ್ಟು ಬಂತು?' ಅಂತ ಕೇಳಿದ್ರು ಅಷ್ಟೆ. ಬಾಯಾರಿಕೆ ಅಲ್ಲ ಅತ್ತೆ ಅದು, ಸಿಟ್ಟು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಇಲ್ಲಿ ಬಿದ್ದಿರೋ ಸಿಟ್ಟು. ಹೇಳಿದ್ಮೇಲೆ ನೀರಿನ ಲೆಕ್ಕ ಇಡೋದು ಸ್ವಲ್ಪ ಸುಲಭ ಆಯ್ತು. ಪೂರ್ತಿ ಅಲ್ಲ, ಸುಳ್ಳು ಯಾಕೆ ಹೇಳ್ಲಿ.

ಚಿಕ್ಕಪ್ಪ, ನೀವೂ ಗ್ರೂಪಲ್ಲಿ ನಿಮ್ಹಾನ್ಸ್ ಅಂದ್ರೆ ಹುಚ್ಚಾಸ್ಪತ್ರೆ, ಜನ ಏನಂತಾರೆ ಅಂದ್ರಲ್ಲ. ಅದ್ರ ಹೆಸರಲ್ಲೇ ನರವಿಜ್ಞಾನ ಇದೆ. ಸ್ಟ್ರೋಕ್ ಆದವ್ರು ಅಲ್ಲಿಗೇ ಹೋಗ್ತಾರೆ, ಮತ್ತೆ ನಡೆಯೋದು ಕಲಿಸೋ ಪುನರ್ವಸತಿ ವಿಭಾಗಾನೂ ಅಲ್ಲಿದೆ. ಹೊಸೂರು ರೋಡ್ ಟ್ರಾಫಿಕ್ ದೂರಿ, ಒಪ್ತೀನಿ. ಈಗ್ಲೇ ಹೋಗೋಕಾಗದಿದ್ರೆ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮನಸ್ಸಿನ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರೀನೂ ಸಿಗ್ತಾರೆ. ಅತ್ತೆ, ನಿಮಗೋಸ್ಕರಾನೂ ಮಾಡ್ಬಹುದು. ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?

ಇನ್ನೊಂದು. 'ನಾನಿದ್ದು ಏನು ಪ್ರಯೋಜನ' ಅಂತ ಮಾವ ಅಂದ್ರೆ 'ಬಿಡ್ತು ಅನ್ನಿ' ಅಂತ ಬಾಯಿ ಮುಚ್ಚಿಸ್ಬೇಡಿ. ಸಾಯ್ಬೇಕು ಅನ್ಸುತ್ತಾ ಅಂತ ನೇರ ಕೇಳಿ. ಕೇಳಿದ್ರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿ.

ಆ ಫಿಸಿಯೋ ಹುಡುಗ ಪ್ಲಾಸ್ಟಿಕ್ ಕೋನ್ ಎತ್ತಿಡಿ ಅಂತಾನಂತಲ್ಲ, ನಲವತ್ತು ವರ್ಷ ಲೇತ್ ಮುಂದೆ ನಿಂತವ್ರಿಗೆ ಅದು ಮಕ್ಕಳಾಟ ಅನ್ಸಲ್ವಾ? ಬೆರಳಿಗೆ ಕೆಲಸ ಬೇಕು ಅಷ್ಟೆ ತಾನೆ. ಹಿತಕವರೆ ಹಿಚುಕೋಕೆ ಕೊಡಿ. ನೆನೆದ ಕಾಳನ್ನ ಹೆಬ್ಬೆಟ್ಟು, ತೋರುಬೆರಳ ಮಧ್ಯೆ ಒತ್ತಿದ್ರೆ ಟಪಕ್ ಅಂತ ಬೇಳೆ ಹೊರಗೆ ಬೀಳುತ್ತಲ್ಲ, ಹತ್ತು ಕಾಳಾದ್ರೂ ಸಾಕು. ಇದಾಗುತ್ತಾ ಅಂತ ಹುಡುಗನ್ನ ಒಂದ್ಮಾತು ಕೇಳಿ.

ಭಾನುವಾರ ನಂಗೆ ಡಯಾಲಿಸಿಸ್ ಇಲ್ಲ, ಗಾಂಧಿ ಬಜಾರಿಂದ ಅವರೆಕಾಯಿ ತರ್ತೀನಿ. ಸಾರು ನಂಗೆ ಬೇಡ, ನಂಗೆ ಪಥ್ಯ ಇದೆ. ನಾನು ಮಾವನ ಜೊತೆ ಕೂತ್ಕೋತೀನಿ, ನೀವು ಒಳಗೆ ಹೋಗಿ ಮಲಗಿ. ಸಿಸ್ಟರ್ ಬಂದ್ರು, ಇಡ್ತೀನಿ.