ಚೀನಾದಲ್ಲಿ ಸರ್ಕಾರದ ಜೊತೆ ಕೆಲಸ ಮಾಡಿದ ಕಲಾವಿದರೆಲ್ಲ ಆಸ್ಥಾನ ಕಲಾವಿದರಾ?

ಕುಂಚಪ್ರಿಯ:
ಎಲ್ರಿಗೂ ನಮಸ್ಕಾರ. ಈಗಿನ ಚೀನೀ ಆರ್ಟ್ ಬಗ್ಗೆ ಓದ್ತಾ ಇದೀನಿ, ಒಂದು ವಿಷ್ಯ ತಲೇಲಿ ಕೂತ್ಬಿಟ್ಟಿದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಗೆ ಬಾಣಬಿರುಸಿನಲ್ಲಿ ಆಕಾಶದ ತುಂಬ ದೈತ್ಯ ಹೆಜ್ಜೆಗುರುತು ಮೂಡಿಸಿದ್ದು ಚೀನೀ ಕಲಾವಿದ ತ್ಸಾಯ್ ಗುವೊ-ಚಿಯಾಂಗ್. ಅದೇ ಒಲಿಂಪಿಕ್ಸ್‌ನ ಬರ್ಡ್ಸ್ ನೆಸ್ಟ್ ಸ್ಟೇಡಿಯಂ ಡಿಸೈನ್‌ಗೆ ಸಲಹೆ ಕೊಟ್ಟಿದ್ದ ಇನ್ನೊಬ್ಬ ಕಲಾವಿದ ಐ ವೈವೈ ಮಾತ್ರ ನಾನು ಉದ್ಘಾಟನೆಗೇ ಬರಲ್ಲ ಅಂದ್ಬಿಟ್ರು. ಹಾಗಾದ್ರೆ ಸರ್ಕಾರದ ಜೊತೆಗಿದ್ರೆ ಆಸ್ಥಾನ ಕಲಾವಿದ, ಎದುರು ನಿಂತ್ರೆ ಜನರ ಕಲಾವಿದ, ಇಷ್ಟೇನಾ?

ನದಿದಂಡೆ:
ಬರೀ ಎದುರು ನಿಂತಿದ್ದಕ್ಕೆ ಐ ವೈವೈ ದೊಡ್ಡವರಾಗಿಲ್ಲ ಸರ್. 2008 ಮೇ 12ರ ಸಿಚುವಾನ್ ಭೂಕಂಪದಲ್ಲಿ ಶಾಲೆಗಳು ಕುಸಿದು ಮಕ್ಕಳು ಸತ್ರು, ಅಕ್ಕಪಕ್ಕದ ಬಿಲ್ಡಿಂಗ್ ನಿಂತೇ ಇದೆ ಶಾಲೆ ಮಾತ್ರ ಹೆಂಗೆ ಬಿತ್ತು ಅಂತ ಅಪ್ಪ ಅಮ್ಮಂದಿರು ಕೇಳಿದ್ರೆ ಉತ್ತರ ಕೊಡೋರಿಲ್ಲ, ಸತ್ತ ಮಕ್ಕಳ ಹೆಸರಿನ ಪಟ್ಟೀನೂ ಹೊರಗೆ ಬರ್ಲಿಲ್ಲ. ಆಗ ಇವರು ಸ್ವಯಂಸೇವಕರನ್ನ ಕಳಿಸಿ ಮನೆಮನೆ ಬಾಗ್ಲು ತಟ್ಟಿಸಿ 5,000ಕ್ಕೂ ಹೆಚ್ಚು ಮಕ್ಕಳ ಹೆಸರು, ಹುಟ್ಟಿದ ದಿನ, ಶಾಲೆ ಎಲ್ಲ ಬರೆಸಿದ್ರು. ಹೋದವರನ್ನ ಪೊಲೀಸರು ತಡೆದ್ರು, 2009ರಲ್ಲಿ ಇವರ ಬ್ಲಾಗ್ ಮುಚ್ಚಿಸಿದ್ರು. ಸರ್ಕಾರಿ ಆಫೀಸು ಮಾಡ್ಬೇಕಿದ್ದ ಕೆಲಸ ಅದು! ಅದೇ ವರ್ಷ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯೂಸಿಯಂ ಗೋಡೆಗೆ 9,000 ಸ್ಕೂಲ್ ಬ್ಯಾಗ್ ಜೋಡಿಸಿ ಆ ಭೂಕಂಪದಲ್ಲಿ ಮಗಳನ್ನ ಕಳ್ಕೊಂಡ ಒಬ್ಬ ತಾಯಿಯ ಮಾತು ಬರೆದ್ರು, ಈ ಲೋಕದಲ್ಲಿ ಅವಳು ಏಳು ವರ್ಷ ಖುಷಿಯಾಗಿ ಬದುಕಿದ್ಲು ಅಂತ. ನನ್ನ ಪ್ರಕಾರ ಜನಸೇವೆ ಅಂದ್ರೆ ಆ ಪಟ್ಟಿ, ಬ್ಯಾಗು ಆಮೇಲಿನ ಮಾತು.

ಮಣ್ಣುಗೊಂಬೆ:
ಒಪ್ತೀನಿ, ಆದ್ರೆ ಸರ್ಕಾರದ ಒಳಗಿದ್ದೋರನ್ನ ಅಷ್ಟು ಬೇಗ ತಳ್ಳಿಹಾಕ್ಬೇಡಿ. ಕಲಾವಿದ ಶು ಬಿಂಗ್ 2008ರಿಂದ 2014ರ ತನಕ ಬೀಜಿಂಗ್‌ನ ಸೆಂಟ್ರಲ್ ಅಕಾಡೆಮಿ ಆಫ್ ಫೈನ್ ಆರ್ಟ್ಸ್‌ನ ಉಪಾಧ್ಯಕ್ಷ, ಅಂದ್ರೆ ಸರ್ಕಾರಿ ಸಂಸ್ಥೆ. ಆ ಹೊತ್ತಲ್ಲೇ ಕಟ್ಟಡ ಕೆಲಸದ ಜಾಗದಲ್ಲಿ ಬಿದ್ದಿದ್ದ ಸಲಿಕೆ, ಹೆಲ್ಮೆಟ್, ಕಬ್ಬಿಣ, ಪೈಪು ಆರಿಸ್ಕೊಂಡು ಎರಡು ಬೃಹತ್ ಫೀನಿಕ್ಸ್ ಹಕ್ಕಿ ಮಾಡಿದ್ರು. ಬೀಜಿಂಗ್‌ನ ಹೊಸ ಗಗನಚುಂಬಿಗಳನ್ನ ಕಟ್ಟಿದ ಹಳ್ಳಿ ಕೂಲಿಗಳ ಕೈ ಅದ್ರಲ್ಲಿ ಕಾಣುತ್ತೆ. ಕುರ್ಚಿ ಮೇಲೆ ಕೂತವರು ಮಾಡಿದ್ದು ಅಂತ ಅದರ ಬೆಲೆ ಕಮ್ಮಿ ಆಗುತ್ತಾ?

ಹಳೇಓದುಗ:
ಒಳಗೆ ಹೊರಗೆ ಅನ್ನೋ ಗೆರೇನೇ ಅಲ್ಲಿ ಗಟ್ಟಿ ಇಲ್ಲ ಕಣ್ರೀ. 1979ರ ಸೆಪ್ಟೆಂಬರ್‌ನಲ್ಲಿ ಸ್ಟಾರ್ಸ್ ಅನ್ನೋ ಕಲಾವಿದರ ಗುಂಪಿನವರು, ಅದ್ರಲ್ಲಿ ಐ ವೈವೈನೂ ಒಬ್ಬರು, ಬೀಜಿಂಗ್‌ನ ರಾಷ್ಟ್ರೀಯ ಕಲಾ ಮ್ಯೂಸಿಯಂ ಹೊರಗಿನ ಕಂಬಿಬೇಲಿಗೆ ಚಿತ್ರ ನೇತುಹಾಕಿದ್ರು, ಪೊಲೀಸರು ಕಿತ್ತುಹಾಕಿದ್ರು, ಅದನ್ನ ವಿರೋಧಿಸಿ ಅಕ್ಟೋಬರ್ 1ಕ್ಕೆ ಇವರು ಬೀದಿಗಿಳಿದ್ರು, 1980ರಲ್ಲಿ ಅದೇ ಮ್ಯೂಸಿಯಂ ಒಳಗೆ ಅವರ ಪ್ರದರ್ಶನ ಆಯ್ತು! ಆಮೇಲೆ ಮತ್ತೆ ಬಿಗಿ ಆಗಿ ಸುಮಾರು ಜನ ದೇಶ ಬಿಟ್ರು. ಸರ್ಕಾರ ಇವತ್ತು ತೆರೆದ ಬಾಗ್ಲು ನಾಳೆ ಮುಚ್ಚುತ್ತೆ, 2011ರಲ್ಲಿ ಐ ವೈವೈನ 81 ದಿನ ಕೂಡಿಹಾಕಿತ್ತಲ್ಲ. ಅದಕ್ಕೆ ನಾನು ಕಲಾವಿದ ಎಲ್ಲಿ ನಿಂತಿದಾರೆ ಅಂತ ನೋಡಲ್ಲ, ಆ ಕೆಲಸದಿಂದ ಯಾರಿಗೆ ಏನು ಸಿಕ್ತು ಅಂತ ನೋಡ್ತೀನಿ. ತ್ಸಾಯ್ ಹೆಜ್ಜೆಗುರುತು ತುಂಬಾ ಚೆನ್ನಾಗಿತ್ತು, ಆದ್ರೆ ಅದು ಸಿಕ್ಕಿದ್ದು ಜನರಿಗಿಂತ ಜಾಸ್ತಿ ಸರ್ಕಾರಕ್ಕೆ.